ಅಳಿಯನ ಮರದ ದೋಣಿ ನೀರಿಗಿಳಿದದ್ದು

ಬರ್ರಿ, ಕಾಲು ಚಾಚಿ ಆರಾಮ ಕೂಡ್ರಿ. ಚಹಾ ಆರಿದರೆ ಮತ್ತೆ ಕಾಸಿ ಕೊಡ್ತೀನಿ, ಆದರೆ ನಡುವೆ ಯಾರೂ ಏಳಬ್ಯಾಡ್ರಿ. ನಮ್ಮ ಮನೆಯಲ್ಲಿ ಒಂದು ಕೆಲಸ ಸುಮ್ಮನೆ, ನೆಟ್ಟಗೆ ಆದದ್ದು ನನಗೆ ನೆನಪಿಲ್ಲ. ಏನಾದರೂ ಒಂದು ಆಗೇ ಆಗುತ್ತದೆ. ಆ ದೋಣಿ ಬಂದ ಮೇಲಂತೂ ದಿನಾ ಆಯಿತು.

ಆಗ ನಾನು ಅಮೆರಿಕಾದ ಪ್ಲೆಸೆಂಟನ್ ಎಂಬ ಊರಲ್ಲಿ ಮಗಳ ಮನೆಯಲ್ಲಿದ್ದೆ. ಇಂಟರ್ನೆಟ್ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದ ಕಾಲ. ಅಳಿಯನ ಕಂಪನಿ ಕಂಪ್ಯೂಟರಿನಲ್ಲಿ ಹೂಗುಚ್ಛ ಮಾರುತ್ತಿತ್ತು, ಅದೂ ಬಾಡಿತು. ಮನೆಯಲ್ಲಿ ಕೂತ ಅಳಿಯ ಮಾತು ಬಿಟ್ಟ, ಗಡ್ಡ ಬಿಟ್ಟ, ಮಧ್ಯಾಹ್ನದ ತನಕ ಹಾಸಿಗೆ ಬಿಡಲಿಲ್ಲ. ಒಂದು ದಿನ ಯಾರದೋ ಹಿತ್ತಲಲ್ಲಿ ಬಿದ್ದಿದ್ದ ಹಳೇ ಮರದ ಮೋಟಾರು ದೋಣಿಯನ್ನು ಎಳೆದುಕೊಂಡು ಬಂದು ಮನೆ ಮುಂದೆ ನಿಲ್ಲಿಸಿದ. ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು, ಗಡ್ಡ ತೆಗೆದು, ಅದರ ಹೊಟ್ಟೆ ಸವರುತ್ತ ನಿಂತಿದ್ದ. ಆವತ್ತೇ ನಾನು ದೇವರಿಗೆ ಕೈ ಮುಗಿದೆ, ಈ ಕಟ್ಟಿಗೆ ತೇಲಲಿ ಅಂತ.

ಆದರೆ ಕಾಲೊನಿ ಆಫೀಸಿನವರು ಬಂದು, "ಮನೆ ಮುಂದೆ ದೋಣಿ ಇಡುವ ಹಾಗಿಲ್ಲ, ಭಾನುವಾರದೊಳಗೆ ತೆಗೀರಿ" ಅಂದರು. ಎಮರಿವಿಲ್‌ನ ಕಡಲ ದಂಡೆಯಲ್ಲಿ ದೋಣಿ ಕಟ್ಟಿಹಾಕಲು ಜಾಗ ಇತ್ತು, ತೇಲುವ ದೋಣಿಗೆ ಮಾತ್ರ. ಮಗಳು ಸೊಂಟಕ್ಕೆ ಕೈ ಕೊಟ್ಟು ಹೇಳಿದಳು: "ಸಂಡೇ ಒಳಗೆ ತೇಲಬೇಕು. ಇಲ್ಲಾಂದ್ರೆ ಕಡಿಸಿ ಡಂಪಿಗೆ ಹಾಕಿಸ್ತೀನಿ."

ಅಳಿಯ ದೋಣಿಯ ಅಂಚು ಬಿಗಿಯಾಗಿ ಹಿಡಿದುಕೊಂಡ.

ಕುಲ ಯಾವುದು?

ಈ ದೋಣಿಯ ಹಲಿಗೆಗಳು ಒಂದರ ಅಂಚಿನ ಮೇಲೊಂದು ಹೊದ್ದುಕೊಂಡು, ತಾಮ್ರದ ಮೊಳೆ ಹೊಡೆಸಿಕೊಂಡು ಕೂತಿದ್ದವು. ನಮ್ಮ ಕಡೆ ಮಾಡಿಗೆ ಹಂಚು ಹೊದಿಸುತ್ತಾರಲ್ಲ, ಹಾಗೆ. ಆದರೆ ಯಾರು ಕಟ್ಟಿದ್ದು, ಯಾವ ಊರಿನದು, ಯಾರಿಗೂ ಗೊತ್ತಿಲ್ಲ. ಹೆಸರಿನ ತಗಡು ಎಂದೋ ಉದುರಿತ್ತು.

ಹಳೇ ದೋಣಿಗಳ ಹುಚ್ಚಿನ ಇಬ್ಬರು ಅಮೆರಿಕನ್ ಮುದುಕರನ್ನು ಅಳಿಯ ಕರೆತಂದ. ಒಬ್ಬ ಉದ್ದನೆಯವ, ಒಬ್ಬ ಗಿಡ್ಡ. ಉದ್ದನೆಯವ ಮೂತಿ ಹಿಡಿದು "ಮಿಷಿಗನ್ನಿನದು" ಅಂದ. ಗಿಡ್ಡ ಹಿಂಭಾಗ ತಟ್ಟಿ "ಅಲ್ಲವೇ ಅಲ್ಲ, ನ್ಯೂಯಾರ್ಕಿನದು" ಅಂದ. ಹೆಣ್ಣು ನೋಡಲು ಬಂದ ಹಿರಿಯರು ಗೋತ್ರಕ್ಕೆ ಜಗಳ ಬಿದ್ದ ಹಾಗೆ ಬಿದ್ದರು. ಕೊನೆಗೆ ಇಂಜಿನ್ನಿನ ಕೆಳಗಿನ ತೊಲೆಯ ಬಣ್ಣ ಕೆರೆದು ನೋಡುವುದೆಂದಾಯಿತು. ಅಳಿಯ ಉಸಿರು ಹಿಡಿದು ಪದರ ಪದರವಾಗಿ ಕೆರೆದ. ಬಿಳಿ ಹೋಯಿತು, ಹಸಿರು ಹೋಯಿತು, ಕೆಂಪು ಹೋಯಿತು. ಕಟ್ಟಿದವರು ಗುರುತಿಗೆಂದು ಮರದಲ್ಲಿ ಕೊರೆದ ಅಂಕಿ ಕಾಣಿಸಿತು.

ಇಬ್ಬರೂ ಬಗ್ಗಿ ನೋಡಿದರು. ಮೆಲ್ಲಗೆ ತಲೆಯ ಮೇಲಿನ ಟೋಪಿ ತೆಗೆದರು. ಅಷ್ಟು ಒಳ್ಳೆಯ ಮನೆತನದ ದೋಣಿಯಂತೆ, ಈಗ ಕಾಣಲಿಕ್ಕೇ ಸಿಗುವುದಿಲ್ಲವಂತೆ.

ಹುಬ್ಬಳ್ಳಿಯಿಂದ ಗಂಡನ ಜೊತೆ ಬಂದಿದ್ದ ನಮ್ಮ ಬೀಗತಿ, ಅಂದರೆ ಅಳಿಯನ ತಾಯಿ, ಬಾಗಿಲಲ್ಲಿ ನಿಂತು ಗಾಬರಿಯಿಂದ ಕೇಳಿದಳು: "ಟೋಪಿ ತಗದ್ರಲ್ಲ, ಯಾರು ಹೋದ್ರವಾ?"

ದೋಣಿಯೊಳಗೆ ನೀರು

ಒಣಗಿ ಒಣಗಿ ಹಲಿಗೆಗಳ ನಡುವೆ ಬೆಳಕು ಕಾಣುತ್ತಿತ್ತು. ಪಕ್ಕದ ಮನೆಯ ಮೈಸೂರಿನ ಭಾಯ್‌ದು ಕಾರು ರಿಪೇರಿ ಅಂಗಡಿ. "ಅಮ್ಮಾ, ಕಾರಿಗೆ ಹಾಕೋ ಪುಟ್ಟಿ ಇದೆ, ಸಂದಿಗೆಲ್ಲ ತುಂಬಿ ಸಂಜೆಯೊಳಗೆ ಕಲ್ಲು ಮಾಡ್ಕೊಡ್ತೀನಿ" ಅಂತ ಡಬ್ಬಿ ಹಿಡಿದು ಬಂದರು. ಉದ್ದನೆಯ ಮುದುಕ ಹೌಹಾರಿದ. ಕಲ್ಲು ಮಾಡಿದರೆ, ಮರ ನೀರು ಕುಡಿದು ಉಬ್ಬಿದಾಗ ಹಲಿಗೆಯೇ ಸೀಳುತ್ತದಂತೆ. ನೆನೆಸಿ, ಉಬ್ಬಿಸಿ, ಅದರಷ್ಟಕ್ಕೇ ಮುಚ್ಚಿಕೊಳ್ಳಲು ಬಿಡಬೇಕಂತೆ.

ಸರಿ, ನನ್ನ ಕೌದಿಗಳನ್ನೆಲ್ಲ ತೊಯ್ಸಿ ಒಳಗೆ ಹಾಸಿ, ಮೇಲೆ ಪೈಪು ಬಿಟ್ಟೆವು. ನೀರು ಸಂದು ಸಂದಿನಿಂದ ಜಲ್ಲೆಂದು ಬೀದಿಗೆ ಹರಿಯಿತು. ಗುರುವಾರ ಹರಿಯಿತು, ಶುಕ್ರವಾರ ಹರಿಯಿತು. ಅಳಿಯ ಊಟ ಬಿಟ್ಟು ದೋಣಿಯ ಕೆಳಗೇ ಮಲಗಿ ಹನಿ ನೋಡುತ್ತಿದ್ದ. ನಾಯಿ ಹಿಡಿದು ಹೋಗುತ್ತಿದ್ದ ಬಿಳಿ ಹೆಂಗಸು ನಿಂತು ಏನೋ ಅಂದಳು. ಮಗಳು ತಿಳಿಸಿದಳು: "ದೋಣೀನ ನೀರೊಳಗೆ ಇಡಬೇಕು, ನೀರನ್ನ ದೋಣಿಯೊಳಗಲ್ಲ ಅಂತಿದಾಳೆ."

ಬೀಗತಿ ಬಿಟ್ಟಾಳೆಯೇ? "ಅಕೀಗೆ ಹೇಳು, ಮೊದಲು ಮನ್ಯಾಗ ರೂಢಿ ಮಾಡಸಾಕತ್ತೇವಿ!"

ಶನಿವಾರ ಬೆಳಿಗ್ಗೆ ಹನಿ ನಿಂತಿತು.

ಒಂದೂ ತೂತು ಬೇಡ

ಈಗ ಮಗಳ ಹೊಸ ತಕರಾರು: "ನೆರಳಿಲ್ಲದ ಬೋಟಲ್ಲಿ ನಾನು ಹಿರಿಯರನ್ನ ಕೂರಿಸಲ್ಲ." ಭಾಯ್ ಕೆಟ್ಟ ಇಂಜಿನ್ ತೆಗೆದು, ಹಳೇ ಬೋಲ್ಟುಗಳ ಮೇಲೇ ಬೇರೆಯದನ್ನು ಕೂರಿಸಿ ಆಗಿತ್ತು. ಇನ್ನು ನೆರಳಿನ ಕಂಬ ನಿಲ್ಲಿಸಲು ದೋಣಿಗೆ ತೂತು ಕೊರೆಯಬೇಕು ಅಂತ ಡ್ರಿಲ್ ಗುರ್ರೆನ್ನಿಸಿದರು. ಕುಲ ಗೊತ್ತಾದ ಮೇಲೆ ಅಳಿಯ ಬಿಡುತ್ತಾನೆಯೇ? ಎರಡೂ ಕೈ ಚಾಚಿ ಅಡ್ಡ ನಿಂತ. "ಭಾಯ್, ಒಂದೇ ಒಂದು ತೂತೂ ಬೇಡ!" "ಅರೆ, ನಾಲ್ಕೇ ನಾಲ್ಕು ಸಾರ್!" ಡ್ರಿಲ್ಲಿನ ಮೂತಿ ಅವನ ಅಂಗಿಗೆ ತಾಗುವಷ್ಟು ಹತ್ತಿರ ಬಂತು. ನಾನು ಕಣ್ಣು ಮುಚ್ಚಿದೆ.

ಬೀಗತಿ ಅಂದಳು: "ಬಿಡಪಾ ಭಾಯ್, ಕಂಬಕ್ಕ ಹಗ್ಗಾ ಕಟ್ಟು. ಇವನ ಕಿವಿ ಚುಚ್ಚೂವಾಗ ಸೈತ ಇಷ್ಟು ಹೊಯ್ಕೊಂಡಿದ್ದಿಲ್ಲ."

ಕಾಲುಂಗುರ

ಭಾನುವಾರ ಭಾಯ್ ತಮ್ಮ ಟ್ರಕ್ಕಿಗೆ ದೋಣಿ ಕಟ್ಟಿ ಎಮರಿವಿಲ್‌ಗೆ ತಂದರು. ಬೀಗತಿ ನಸುಕಿನಲ್ಲೇ ಎದ್ದು, ಪೂಜೆಗೆಂದು ದೋಣಿಯ ಹಿತ್ತಾಳೆ ಸಾಮಾನೆಲ್ಲ ಬಿಚ್ಚಿ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ಅಳಿಯ ಕೈಗೆ ಸಿಕ್ಕದ್ದನ್ನೆಲ್ಲ ತಿರುಗಿ ಕೂರಿಸಿದ್ದ. ಆರತಿ ಆಯಿತು, ದೋಣಿ ನೀರಿಗಿಳಿಯಿತು. ಹತ್ತಿದವರು ಅಳಿಯ, ಮಗಳು, ಬೀಗತಿ, ನಾನು. ಬೀಗತಿಯ ಗಂಡ, ನಮ್ಮ ಬೀಗರು, ಪೂಜೆಯ ತಟ್ಟೆ, ಬುತ್ತಿ ಕಾಯುತ್ತ ಭಾಯ್ ಜೊತೆ ದಂಡೆಯಲ್ಲಿ ಉಳಿದರು.

ತೇಲಿತು ನೋಡ್ರಿ! ಅಳಿಯ ಎಷ್ಟೋ ತಿಂಗಳ ಮೇಲೆ ಹಲ್ಲು ಕಾಣುವಂತೆ ನಕ್ಕ. ಅಷ್ಟರಲ್ಲಿ ನನ್ನ ಪಾದ ತಣ್ಣಗಾಯಿತು. ನೀರು! ನೋಡನೋಡುತ್ತ ಹಿಮ್ಮಡಿ ಮುಳುಗಿತು. ಹಿಂದಿನ ಹಲಿಗೆಯ ಬುಡದಲ್ಲಿ, ಒಳಗಿನ ನೀರು ಬಿಡುವ ತೂತು ಬಾಯಿ ತೆರೆದಿತ್ತು.

"ಪ್ಲಗ್ ಎಲ್ಲಿ?" ಅಂತ ಮಗಳು ಕಿರುಚಿದಳು.

"ಆ ಹಿತ್ತಾಳಿ ಗುಂಡೇನು?" ಅಂದಳು ಬೀಗತಿ. "ತಟ್ಟ್ಯಾಗ ಐತಿ, ಕುಂಕುಮ ಹಚ್ಚೇನಿ!"

ಹಾಗಂದವಳೇ ಕಾಲಿನ ಬೆರಳನ್ನು ತೂತಿಗೆ ತುರುಕಿದಳು. ನೀರು ನಿಂತಿತು. ಆದರೆ ಬೆರಳು ತಿರುಗಿ ಬರಲಿಲ್ಲ! ಕಾಲುಂಗುರದ ಅಂಚು ಆಚೆ ಬದಿಗೆ ಸಿಕ್ಕಿಕೊಂಡಿತ್ತು. ಗಾಬರಿಯಲ್ಲಿ ಅಳಿಯ ಏನು ತಿರುವಿದನೋ, ಇಂಜಿನ್ನೂ ನಿಂತಿತು. ಗಸ್ತಿನ ದೋಣಿ ಬಂದು ನಮ್ಮನ್ನು ದಂಡೆಗೆ ಎಳೆಯಿತು. ಭಾಯ್ ಟ್ರಕ್ಕಿಗೆ ಕಟ್ಟಿ ದೋಣಿಯನ್ನು ಅರ್ಧ ದಂಡೆಯ ಮೇಲಕ್ಕೆ ಜಗ್ಗಿದರು. ಬೆರಳು ಬದನೆಕಾಯಿ ಆಗುತ್ತಿತ್ತು.

ಗಸ್ತಿನವನು ಕತ್ತರಿ ತಂದ, ಉಂಗುರ ಕತ್ತರಿಸಲು. ಬೀಗತಿ ಅಬ್ಬರಿಸಿದಳು: "ಮುಟ್ಟಿದ್ರ ನೋಡು! ಗಂಡ ಅಲ್ಲೇ ಕುಂತಾನ, ಜೀವಂತ ಅದಾನ!"

ಹಾಗಾದರೆ ಮರ ಕೊಯ್ಯಬೇಕು ಅಂದ ಅವನು. ಎಲ್ಲರೂ ಅಳಿಯನ ಮುಖ ನೋಡಿದೆವು. ಅವನು ಹಲಿಗೆಯ ಮೇಲೆ ಒಮ್ಮೆ ಕೈಯಾಡಿಸಿ, ಕಣ್ಣು ಮುಚ್ಚಿ, "ಕೊಯ್ಯಿರಿ" ಅಂದ.

"ಏ, ತಡೀರಿ!" ಅಂತ ದಂಡೆಯಿಂದ ಕೂಗು. ಬುತ್ತಿ ಕಾಯುತ್ತಿದ್ದ ಬೀಗರು ಪ್ಯಾಂಟು ಸಮೇತ ನೀರಿಗಿಳಿದು ಬಂದರು, ಕೈಯಲ್ಲಿ ಮಾವಿನ ಉಪ್ಪಿನಕಾಯಿ ಭರಣಿ. ಹಿಂದೆ ಬಗ್ಗಿ, ತೂತಿನಿಂದ ಇಣುಕುತ್ತಿದ್ದ ಬೆರಳಿಗೆ ಎಣ್ಣೆ ಸುರಿದು ಒಳಕ್ಕೆ ಒತ್ತಿದರು. ಖಾರ ಹತ್ತಿತು ನೋಡ್ರಿ! "ಯವ್ವಾ!" ಅಂತ ಬೀಗತಿ ಚಂಗನೆ ಹಾರಿದಳು, ಬೆರಳು, ಉಂಗುರ ಎರಡೂ ಬಂದವು, ಅದರ ಬೆನ್ನಿಗೇ ದೋಣಿಯೊಳಗಿನ ನೀರೆಲ್ಲ ಬೀಗರ ಮುಖಕ್ಕೆ.

ಬೀಗರು ಮುಖ ಒರೆಸಿಕೊಂಡು ಅಂದರು: "ಜೀವಂತ ಅದೀನಿ."

ಭಾಯ್ ಓಡಿ ಬಂದು ಕುಂಕುಮದ ಸಮೇತ ಪ್ಲಗ್ ಬಡಿದರು. ಸಂಜೆಗೆ ದೋಣಿ ತನ್ನ ಜಾಗದಲ್ಲಿ ತೇಲುತ್ತಿತ್ತು.

ಆಮೇಲೆ? ಅಳಿಯನಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮಾತೂ ತಿರುಗಿ ಬಂತು, ಈಗ ಬ್ಯಾಡಂದ್ರೂ ನಿಲ್ಲಿಸುವುದಿಲ್ಲ. ಕಡಿಸುತ್ತೇನೆ ಅಂದಿದ್ದ ಮಗಳು ಸ್ಟಿಯರಿಂಗ್ ಹಿಡಿದರೆ ಗಂಡನಿಗೂ ಕೊಡುವುದಿಲ್ಲ. ಭಾಯ್ ಕಾರಿನ ಅಂಗಡಿಯ ಪಕ್ಕದಲ್ಲೇ ದೋಣಿ ರಿಪೇರಿಯನ್ನೂ ಶುರು ಮಾಡಿದರು. ಮುದುಕರಿಬ್ಬರೂ ಈಗ ಬೇರೊಂದು ದೋಣಿಗೆ ಜಗಳ ಆಡುತ್ತಿದ್ದಾರೆ. ಬೀಗರು ಉಪ್ಪಿನಕಾಯಿ ಬಿಟ್ಟರು. ಇನ್ನು ಬೀಗತಿ. ಅಮೆರಿಕಾದಲ್ಲಿ ಒಂದೇ ಬೆರಳಿನಿಂದ ಮುಳುಗುವ ಹಡಗು ಉಳಿಸಿದಾಕಿ ಅಂತ ಹುಬ್ಬಳ್ಳಿಯ ಅವಳ ಓಣಿಯಲ್ಲಿ ಭಾರೀ ಮರ್ಯಾದೆ. ಯಾವ ಬೆರಳಿನಿಂದ ಅಂತ ಇನ್ನೂ ಯಾರೂ ಕೇಳಿಲ್ಲ.