ಬ್ಯಾಂಕಿನ ಬಾಯಲ್ಲಿ ಒಂದು ‘ತಪ್ಪಾಯ್ತು’

ನಮ್ಮನೇಲಿ ಯಾವ ಕೆಲಸವೂ ಸಲೀಸಾಗಿ ಆದದ್ದಿಲ್ಲ. ಗ್ಯಾಸ್ ಬುಕ್ ಮಾಡಿದ್ರೆ ಸಿಲಿಂಡರು ಪಕ್ಕದ ಮನೆಗೆ ಹೋಗುತ್ತೆ, ಪಕ್ಕದ ಮನೆಯ ಕರೆಂಟು ಬಿಲ್ಲು ನಮ್ಮನೆಗೆ ಬರುತ್ತೆ. ಹಾಗಾಗಿ “ಬ್ಯಾಂಕಿನ ಮೇಲೆ ಕೇಸು ಹಾಕ್ತೀನಿ” ಅಂತ ನಮ್ಮತ್ತೆ ಅಂದ ದಿನ ನಾನು ಕತ್ತರಿ ಕೆಳಗಿಟ್ಟು ಹಣೆ ಚಚ್ಚಿಕೊಂಡೆ. ಇದು ಎಲ್ಲಿಗೆ ಹೋಗಿ ನಿಲ್ಲುತ್ತೋ ಅಂತ ಆಗಲೇ ಸುಸ್ತಾಗಿತ್ತು.

ನಾನು ಮರ್ಫಿ ಟೌನಿನಲ್ಲಿ ಬ್ಲೌಸ್ ಹೊಲಿಯೋಳು. ಅಂಗಡಿ ಅಂದ್ರೆ ಬೇರೇನಿಲ್ಲ, ಮನೆಯ ಮುಂದಿನ ರೂಮು. ನಮ್ಮತ್ತೆ ರಸೆಲ್ ಮಾರ್ಕೆಟ್ಟಿನಲ್ಲಿ ಹೂವು ಮಾರ್ತಿದ್ದೋರು. ಮಂಡಿನೋವಿಂದ ಕಾಲು ಕೈಕೊಟ್ಟ ಮೇಲೆ ಮನೇಲಿ ಕೂತರು. ಬಾಯಿ ಮಾತ್ರ ಇನ್ನೂ ಮಾರ್ಕೆಟ್ಟಲ್ಲೇ ಇದೆ.

ಇಲ್ಲದ್ದಕ್ಕೆ ದಂಡ

ಹಿಂದೊಂದು ಸಲ ಬ್ಯಾಂಕಿನೋರೇ ಮಾರ್ಕೆಟ್ಟಿಗೆ ಬಂದು, ಛತ್ರಿ ನೆಟ್ಟು, ಮೇಜು ಹಾಕಿ, ಹೂವಿನೋರಿಗೆಲ್ಲ ಖಾತೆ ಮಾಡಿಕೊಟ್ಟಿದ್ರು. “ಒಂದು ಪೈಸೆ ಇಡದಿದ್ರೂ ನಡೆಯುತ್ತೆ ಅಜ್ಜಿ” ಅಂತ ಹೇಳಿದ್ರಂತೆ. ಅತ್ತೆ ತಮ್ಮ ಕೊನೇ ಸೀಸನ್ನಿನ ಸಂಪಾದನೇನ ಅಲ್ಲೇ ಇಟ್ಟಿದ್ರು. ಹೆಚ್ಚೇನಲ್ಲ. ಆದ್ರೆ ಬೆಳಗಾಗೋ ಮುಂಚೆ ಎದ್ದು, ಚಳೀಲಿ ಒದ್ದೆ ಹೂವು ಕಟ್ಟಿ ಕೂಡಿಟ್ಟ ದುಡ್ಡು. ಮಗ, ಸೊಸೆ ಯಾರ ಮುಂದೆಯೂ ಕೈಯೊಡ್ಡಬಾರದು ಅನ್ನೋದು ಅವರ ಹಟ.

ಮಂಡಿ ಡಾಕ್ಟರ ಹತ್ರ ಹೋಗ್ಬೇಕು ಅಂತ ಒಂದಿನ ದುಡ್ಡು ತೆಗೆಯೋಕೆ ಹೋದ್ವಿ. ಖಾತೆ ಗುಡಿಸಿ ಸಾರಿಸಿದಂಗಿತ್ತು.

ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, “ನಿಮ್ಮ ಖಾತೆ ಈಗ ಬೇರೆ ಸ್ಕೀಮಿಗೆ ಹೋಗಿದೆ ಅಜ್ಜಿ. ಇದ್ರಲ್ಲಿ ದುಡ್ಡು ಕಮ್ಮಿ ಇದ್ರೆ ತಿಂಗಳು ತಿಂಗಳು ದಂಡ” ಅಂದಳು.

“ದುಡ್ಡಿಲ್ಲದೋಳ ಹತ್ರ ದುಡ್ಡಿಲ್ಲ ಅಂತ ದಂಡಾನಾ? ಸ್ಕೀಮು ಬದಲಾಯಿಸಿ ಅಂತ ನಾನು ಹೇಳಿದ್ನಾ?”

“ಇಲ್ಲ. ಆದ್ರೆ ಮೆಸೇಜ್ ಕಳಿಸಿದೀವಿ.”

ಮೆಸೇಜು ಬಂದಿತ್ತು, ನಿಜ. ಇಂಗ್ಲಿಷಿನಲ್ಲಿತ್ತು. ಅತ್ತೆಗೆ ಫೋನಲ್ಲಿ ಹಸಿರು ಗುಂಡಿ ಒತ್ತೋದು ಬಿಟ್ರೆ ಬೇರೇನೂ ಬರಲ್ಲ. ನಾನು ಲೆಕ್ಕದ ಚೀಟಿ ನೋಡಿದ್ರೆ, ಆ ಮೆಸೇಜು ಕಳಿಸಿದ್ದಕ್ಕೂ ಬೇರೆ ಚಾರ್ಜು ಹಿಡಿದಿದ್ರು. ಅದನ್ನ ಅತ್ತೆಗೆ ಹೇಳಿದೆ.

ಅತ್ತೆ ಇಡೀ ಬ್ಯಾಂಕಿಗೆ ಕೇಳೋ ಹಾಗೆ ಕೂಗಿದ್ರು: “ಹೊಡೆದಿದ್ದೂ ಅಲ್ಲದೆ, ಕೋಲಿನ ಬಾಡಿಗೇನೂ ನನ್ನ ಹತ್ರಾನೇ ಇಸ್ಕೊಂಡ್ರಾ?”

ಮಾತು ಬೆಣ್ಣೆ

ಗಲಾಟೆ ಕೇಳಿ ಮ್ಯಾನೇಜರು ನಮ್ಮನ್ನ ಒಳಗೆ ಕರೆಸಿದ್ರು. ಹಣೇಲಿ ಕುಂಕುಮ, ಮೇಜಿನ ಮೇಲೆ ದೇವರ ಫೋಟೋ, ಮಾತಂತೂ ಬೆಣ್ಣೆ. ನೀರು ತರಿಸಿಕೊಟ್ರು.

“ಅಮ್ಮಾ, ಇದನ್ನ ನಾವು ಯಾರೂ ತಗೊಂಡಿಲ್ಲ. ಸಿಸ್ಟಮ್ಮೇ ತಗೊಳ್ಳುತ್ತೆ.”

“ಸರಿ ಸ್ವಾಮಿ, ಹಾಗಾದ್ರೆ ಸಿಸ್ಟಮ್ಮಿಗೇ ಹೇಳಿ, ವಾಪಸ್ ಹಾಕಲಿ.”

“ತಗೊಳ್ಳೋದು ಮಾತ್ರ ಸಿಸ್ಟಮ್ಮು ಅಮ್ಮಾ. ಕೊಡೋದು ಹೆಡ್ ಆಫೀಸು.”

ನಾನು ಎದ್ದೆ. ನನಗೆ ಅಷ್ಟು ಹೊತ್ತಿಗೇ ಸಾಕಾಗಿತ್ತು, ಅಂಗಡೀಲಿ ಬ್ಲೌಸ್ ರಾಶಿ ಬಿದ್ದಿತ್ತು. ಅತ್ತೆ ಏಳಲಿಲ್ಲ.

“ದುಡ್ಡು ಆಮೇಲೆ ಕೊಡಿ. ಮೊದಲು ‘ತಪ್ಪಾಯ್ತು’ ಅನ್ನಿ. ನಾನು ಹೂವಿನಲ್ಲಿ ಒಂದು ಗೇಣು ಕಮ್ಮಿ ಅಳೆದಿದ್ರೂ ಗಿರಾಕಿಗೆ ತಪ್ಪಾಯ್ತು ಅಂತಿದ್ದೆ.”

ಮ್ಯಾನೇಜರು ನಕ್ಕರು. “ಅಮ್ಮಾ, ಬ್ಯಾಂಕು ತಪ್ಪು ಮಾಡಲ್ಲ.”

ಪಾಪ, ಆ ಮನುಷ್ಯ ಅದೊಂದು ಮಾತು ಆಡದೇ ಇದ್ದಿದ್ರೆ ನನ್ನ ಒಂದು ವರ್ಷಕ್ಕೂ ಮಿಕ್ಕಿದ ನಿದ್ದೆ ಉಳೀತಿತ್ತು. ಬ್ಯಾಂಕಿನ ಮೆಟ್ಟಿಲು ಇಳೀತಾನೇ ಅತ್ತೆ ಶಪಥ ಮಾಡಿಬಿಟ್ರು. ದುಡ್ಡು ಬರಲಿ ಬಿಡಲಿ, ಈ ಮ್ಯಾನೇಜರ ಬಾಯಲ್ಲಿ ‘ತಪ್ಪಾಯ್ತು’ ಅನ್ನಿಸ್ತೀನಿ ಅಂತ. ನಮ್ಮ ಮನೆಯವರಿಗೆ ಸುದ್ದಿ ಹೇಳಿದ್ರೆ, “ನನಗೆ ಕೆ.ಆರ್. ಪುರದಲ್ಲಿ ಡ್ಯೂಟಿ, ನೀವಿಬ್ರೂ ನೋಡ್ಕೊಳ್ಳಿ” ಅಂದ್ರು. ಅವರ ಡ್ಯೂಟಿ ಹತ್ತು ವರ್ಷದಿಂದ ಕೆ.ಆರ್. ಪುರದಲ್ಲೇ ಇದೆ, ಅಷ್ಟು ದೂರ ಅಂತ ನೆನಪಾಗಿದ್ದು ಮಾತ್ರ ಅವತ್ತೇ.

ಗೆದ್ದ ಫ್ರಿಜ್ಜು

ಎಲ್ಲಿ ಕೇಸು ಹಾಕ್ಬೇಕು ಅಂತ ಯಾರಿಗೆ ಗೊತ್ತು? ಮಾರ್ಕೆಟ್ಟಿನಲ್ಲಿ ಅತ್ತೆಯ ಪಕ್ಕದಲ್ಲೇ ಹಣ್ಣು ಮಾರ್ತಿದ್ದ ಭಾಯಿ ಒಬ್ಬರಿದ್ದಾರೆ. ಫ್ರಿಜ್ ಕಂಪನಿ ಮೇಲೆ ಕೇಸು ಹಾಕಿ ಗೆದ್ದೋರು ಅಂತ ಶಿವಾಜಿನಗರದಲ್ಲೆಲ್ಲ ಹೆಸರು. ಅವರನ್ನ ಕೇಳೋಕೆ ಅವರ ಮನೆಗೆ ಹೋದ್ವಿ.

“ಗ್ರಾಹಕರ ಕೋರ್ಟಿಗೆ ಹೋಗಿ ಅಕ್ಕಾ. ವಕೀಲ್ ಸಾಬ್ ಯಾರೂ ಬೇಡ. ನಿಮ್ಮ ಮಾತು ನೀವೇ ಹೇಳ್ಬೋದು. ನನ್ನ ನೋಡಿ, ಗೆದ್ದಿಲ್ವಾ?” ಅಂತ ಗೋಡೆ ತೋರಿಸಿದ್ರು. ಕೋರ್ಟಿನ ಆರ್ಡರಿಗೆ ಕಟ್ಟು ಹಾಕಿಸಿ, ಹಾರ ಹಾಕಿ ನೇತುಹಾಕಿದ್ರು.

ನನಗೆ ಸ್ವಲ್ಪ ಧೈರ್ಯ ಬಂತು. “ಹಾಗಾದ್ರೆ ಹೊಸ ಫ್ರಿಜ್ಜು ಕೊಟ್ರಾ ಭಾಯಿ?”

“ಕಂಪನಿ ಇನ್ನೊಂದು ಮೇಲಿನ ಕೋರ್ಟಿಗೆ ಹೋಗಿದೆಯಮ್ಮಾ. ಕೊಡ್ತಾರೆ, ಕೊಡ್ತಾರೆ.”

“ಹಳೇದು?”

ಭಾಯಿ ಮೂಲೆಯಲ್ಲಿದ್ದ ಫ್ರಿಜ್ಜಿನ ಬಾಗಿಲು ತೆಗೆದ್ರು. ಒಳಗೆ ಮಡಚಿಟ್ಟ ಬಟ್ಟೆ ಇತ್ತು.

“ಇಲಿ ಬರಲ್ಲ ನೋಡಿ,” ಅಂದ್ರು ಸಮಾಧಾನವಾಗಿ.

ಎದುರಾಳಿಯ ಗುಂಡಿ

ದೂರು ಕೊಟ್ವಿ. ದೂರು ಎರಡು ಹಾಳೆ, ಅದರ ಜೆರಾಕ್ಸು ಒಂದು ಕಟ್ಟು. ಆಮೇಲೆ ಶುರುವಾಯ್ತು ನೋಡಿ ಡೇಟು. ಇವತ್ತು ಬ್ಯಾಂಕಿನ ವಕೀಲರು ಬಂದಿಲ್ಲ, ಡೇಟು. ಇವತ್ತು ಬಂದಿದ್ದಾರೆ, ಫೈಲು ಬಂದಿಲ್ಲ, ಡೇಟು. ಪ್ರತಿ ಡೇಟಿಗೂ ನಾನು ಅಂಗಡಿ ಬಾಗಿಲು ಹಾಕಿ, ಅತ್ತೆಯನ್ನ ಆಟೋಗೆ ಹತ್ತಿಸಿ ಇಳಿಸಿ, ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ಕಾಯ್ಬೇಕು. ಅಷ್ಟರಲ್ಲಿ ಗಿರಾಕಿಗಳ ಫೋನು. “ಅಕ್ಕಾ, ನನ್ನ ಬ್ಲೌಸು?” “ಕೋರ್ಟಲ್ಲಿದೀನಮ್ಮಾ.” “ಅಯ್ಯೋ, ಏನು ಮಾಡಿದ್ರಿ ಅಕ್ಕಾ?” ನಾನು ಏನೋ ಮಾಡಿ ಸಿಕ್ಕಿಬಿದ್ದಿದೀನಿ ಅಂತ ಹಲಸೂರು ತುಂಬ ಸುದ್ದಿಯಾಯ್ತು.

ಒಂದು ಸಲ ಮದುವೆ ಹುಡುಗಿ ಬ್ಲೌಸು ಅರ್ಜೆಂಟಿತ್ತು. ಅದನ್ನ ಕೋರ್ಟಿಗೇ ಒಯ್ದು ಬೆಂಚಿನ ಮೇಲೆ ಕೂತು ಹುಕ್ಕು ಹಾಕ್ತಿದ್ದೆ. ಬ್ಯಾಂಕಿನ ವಕೀಲ, ಹೊಸದಾಗಿ ಓದು ಮುಗಿಸಿ ಬಂದ ಹುಡುಗ, ಮೆಲ್ಲಗೆ ಹತ್ರ ಬಂದ.

“ಮೇಡಂ, ಬೇಜಾರ್ ಮಾಡ್ಕೋಬೇಡಿ. ಕೋಟಿನ ಗುಂಡಿ ಕಿತ್ತೋಗಿದೆ. ಹೀಗೇ ಒಳಗೆ ಹೋದ್ರೆ ಬೈತಾರೆ.”

ನನಗೆ ರೇಗಿತು. ಆದ್ರೆ ಕೈಯಲ್ಲಿ ಸೂಜಿ ಇದೆ, ಎದುರಿಗೆ ಗುಂಡಿಯಿಲ್ಲದ ಕೋಟಿದೆ, ಏನು ಮಾಡೋದು? ಹಾಕಿಕೊಟ್ಟೆ. ಎರಡೆಳೆ ದಾರದಲ್ಲಿ, ಗಟ್ಟಿಯಾಗಿಯೇ ಹಾಕಿದೆ. “ತುಂಬಾ ಥ್ಯಾಂಕ್ಸ್ ಮೇಡಂ” ಅಂದ.

ನಮ್ಮ ಕೇಸು ಕರೆದ್ರು. ಹುಡುಗ ಎದ್ದು ನಿಂತು, ನಾನು ಹಾಕಿದ ಗುಂಡಿಯನ್ನ ನೀಟಾಗಿ ಹಾಕ್ಕೊಂಡು, ಪೀಠದ ಕಡೆ ತಿರುಗಿ, “ಮೇಡಂ, ಬ್ಯಾಂಕಿಗೆ ಇನ್ನೊಂದು ಡೇಟು ಬೇಕು” ಅಂದ.

ಕಾಲು ಮತ್ತು ಬಾಯಿ

ಅದೇ ಹುಡುಗ ಇನ್ನೊಂದು ದಿನ ಫೈಲು ಅಪ್ಪಿಕೊಂಡು ಕಾರಿಡಾರಿನಲ್ಲಿ ಓಡಿ ಬರ್ತಿದ್ದ. ಅತ್ತೆ ಮಂಡಿ ನೋವು ಅಂತ ಕಾಲು ಚಾಚಿ ಕೂತಿದ್ರು. ಇವನ ಬೂಟುಗಾಲು ಅವರ ಕಾಲಿಗೆ ತಗುಲಿತು. ತಕ್ಷಣ ಫೈಲು ಕಂಕುಳಿಗೆ ಸಿಕ್ಕಿಸಿ, ಬಗ್ಗಿ, ಅತ್ತೆಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. “ಅಯ್ಯೋ, ತಪ್ಪಾಯ್ತು ಅಜ್ಜಿ!”

ನಾನು ಬಿಡ್ತೀನಾ? “ಇದನ್ನೇ ಒಳಗೆ ಬಂದು ಹೇಳಿ ಸಾರ್. ಇವತ್ತೇ ಕೇಸು ಮುಗಿಯುತ್ತೆ, ನೀವೂ ಮನೆಗೆ ಹೋಗಿ, ನಾವೂ ಮನೆಗೆ ಹೋಗ್ತೀವಿ.”

ಹುಡುಗ ಹಲ್ಲು ಕಿರಿದ. “ಕಾಲು ನನ್ನದು ಮೇಡಂ, ಅದಕ್ಕೆ ಯಾರ ಪರ್ಮಿಷನ್ನೂ ಬೇಡ. ಬ್ಯಾಂಕಿನ ಬಾಯಿಗೆ ಬೇಕು.”

ಬಾಯಿಂದ ಕೊಡಿಸೋದು

ಅಂತೂ ಇಂತೂ ವಾದದ ದಿನ ಬಂತು. ಪೀಠದಲ್ಲಿ ಅಧ್ಯಕ್ಷೆ ಮೇಡಂ. ಬ್ಯಾಂಕಿನ ಹುಡುಗ ಮೆಸೇಜು ಕಳಿಸಿದೀವಿ ಅಂತ ವಾದ ಮಾಡಿದ. ಮೇಡಂ ಅತ್ತೆಯನ್ನ ಕರೆದು, “ಆ ಮೆಸೇಜು ಓದಿದ್ರಾ ಅಮ್ಮಾ?” ಅಂದ್ರು.

“ನಂಗೆ ಓದೋಕೆ ಬಂದಿದ್ರೆ, ತಾಯೀ, ಆ ಚಳೀಲಿ ಹೂವು ಯಾಕೆ ಮಾರ್ತಿದ್ದೆ? ನಾನೂ ಬ್ಯಾಂಕಲ್ಲೇ ಕೂತು ಬೇರೆಯೋರ ದುಡ್ಡು ಹಿಡ್ಕೊಳ್ತಿದ್ದೆ.”

ಹಿಂದಿನ ಬೆಂಚಿನಲ್ಲಿ ಕೂತಿದ್ದ ಬೇರೆ ಕೇಸಿನೋರೆಲ್ಲ ನಕ್ಕುಬಿಟ್ರು. ಮೇಡಂ ನಗು ನುಂಗಿಕೊಂಡು, “ನಿಮಗೆ ಏನು ಪರಿಹಾರ ಬೇಕು?” ಅಂತ ಕೇಳಿದ್ರು. ನಾನು ಹಿಂದಿನಿಂದ ‘ದುಡ್ಡು, ದುಡ್ಡು’ ಅಂತ ಪಿಸುಗುಟ್ಟಿದೆ. ಅತ್ತೆ, “ಮ್ಯಾನೇಜರು ತಪ್ಪಾಯ್ತು ಅನ್ಬೇಕು” ಅಂದ್ರು.

“ದುಡ್ಡು ಕೊಡಿಸ್ಬೋದು ಅಮ್ಮಾ, ಬಡ್ಡಿ ಕೊಡಿಸ್ಬೋದು. ಒಬ್ಬರ ಬಾಯಿಂದ ಮಾತು ಕೊಡಿಸೋದು ನಮ್ಮ ಕೈಲೂ ಆಗಲ್ಲ.”

ಕೆಲವು ವಾರಕ್ಕೆ ಆರ್ಡರು ಬಂತು. ಹೇಳದೆ ಕೇಳದೆ ಖಾತೆ ಬದಲಾಯಿಸಿದ್ದು ತಪ್ಪು, ಹಿಡಿದ ದುಡ್ಡೆಲ್ಲ ಬಡ್ಡಿ ಸಮೇತ ಕೊಡಿ ಅಂತ. ನಾನು ಖುಷೀಲಿ ಅತ್ತುಬಿಟ್ಟೆ. ಅತ್ತೆ ಮುಖ ಊದಿಸ್ಕೊಂಡು ಕೂತಿದ್ರು. “ಗೆದ್ವಿ ಅತ್ತೇ!” ಅಂದೆ.

“ಏನು ಗೆದ್ವಿ? ಭಾಯಿ ಥರ ನಾನೂ ಗೋಡೆಗೆ ಹಾರ ಹಾಕ್ಲಾ?” ಅಂದ್ರು.

ಹೆಡ್ ಆಫೀಸಿಗೆ ಗೊತ್ತಿಲ್ಲದ್ದು

ದುಡ್ಡು ತಗೊಳ್ಳೋಕೆ ಬ್ಯಾಂಕಿಗೆ ಬನ್ನಿ ಅಂತ ಫೋನು ಬಂತು. ಅತ್ತೆ, “ಅವರಾಗಿ ಎತ್ಕೊಂಡು ಹೋಗಿದ್ದು, ಅವರೇ ತಂದುಕೊಡ್ಲಿ” ಅಂತ ಹಟ ಹಿಡಿದು ಕೂತ್ರು. ಕೋರ್ಟು ಕೊಟ್ಟಿದ್ದ ಗಡುವು ಮುಗಿಯೋಕೆ ಬಂದಿತ್ತು. ಕೊನೆಗೆ ಮ್ಯಾನೇಜರೇ ಡಿ.ಡಿ. ಹಿಡ್ಕೊಂಡು ಮರ್ಫಿ ಟೌನಿನ ಗಲ್ಲಿಯೊಳಗೆ ನಮ್ಮನೆ ಹುಡುಕ್ಕೊಂಡು ಬಂದ್ರು. ಅದೇ ಕುಂಕುಮ, ಅದೇ ಬೆಣ್ಣೆ ಮಾತು. ಬೆವರು ಮಾತ್ರ ಹೊಸದು.

ನಮ್ಮ ಮುಂದಿನ ರೂಮು ನೋಡಿದೋರಿಗೆ ಗೊತ್ತು. ಒಂದು ಕಡೆ ಮಷೀನು, ಒಂದು ಕಡೆ ಬಟ್ಟೆ ರಾಶಿ, ನಡುವೆ ಒಬ್ಬರು ನಡೆಯೋವಷ್ಟು ಜಾಗ. ಬಾಗಿಲ ಪಕ್ಕ ಚಾಪೆ ಮೇಲೆ ಅತ್ತೆ ಕಾಲು ಮಡಚಿಕೊಂಡು ಕೂತಿದ್ರು. ಮ್ಯಾನೇಜರಿಗೆ ಒಳಗಿನ ಸ್ಟೂಲು ಕೊಟ್ಟು ಕಾಫಿ ಕೊಟ್ಟೆ. ಅತ್ತೆ ಡಿ.ಡಿ. ಇಸ್ಕೊಂಡು, ಹೆಬ್ಬೆಟ್ಟು ಒತ್ತಿ, ತಲೆ ಎತ್ತಿದ್ರು.

“ಈಗಲಾದ್ರೂ ಒಂದು ಮಾತು ಅನ್ನಪ್ಪಾ.”

ಮ್ಯಾನೇಜರ ಮುಖ ನೋಡಿದ್ರೆ ನಿಜಕ್ಕೂ ಕನಿಕರ ಬರ್ತಿತ್ತು. “ನನಗೆ ಮನಸ್ಸಿದೆ ಅಮ್ಮಾ. ಆದ್ರೆ ಬರಹದಲ್ಲೂ ಅನ್ಬಾರ್ದು, ಬಾಯಲ್ಲೂ ಅನ್ಬಾರ್ದು ಅಂತ ಹೆಡ್ ಆಫೀಸಿಂದ ಹೇಳಿದ್ದಾರೆ. ಹಾಗಂದುಬಿಟ್ರೆ ತಪ್ಪು ಒಪ್ಕೊಂಡಂಗೆ ಆಗುತ್ತಂತೆ. ನನ್ನ ಕೆಲಸಕ್ಕೇ ಕುತ್ತು.”

“ಬಿಡು, ಹೊಟ್ಟೆಪಾಡು,” ಅಂದ್ರು ಅತ್ತೆ. ಇಷ್ಟು ಬೇಗ ಬಿಟ್ಟುಕೊಟ್ರಲ್ಲ ಅಂತ ನನಗೇ ಬೇಜಾರಾಯ್ತು. ಇಷ್ಟೆಲ್ಲ ಅಲೆದಾಟ, ಇಷ್ಟೊಂದು ಡೇಟು, ಅರ್ಧ ಗಿರಾಕಿಗಳು ಕಮ್ಮನಹಳ್ಳಿಯ ಟೈಲರ್ ಹತ್ರ ಹೋಗಿದ್ದು, ಎಲ್ಲ ಈ ‘ಬಿಡು’ಗೋಸ್ಕರಾನಾ?

ಮ್ಯಾನೇಜರು ಎದ್ದು ಕೈ ಮುಗಿದು, ಬಟ್ಟೆ ರಾಶಿ ಕಡೆ ನೋಡ್ಕೊಂಡು ಹುಷಾರಾಗಿ ಬಾಗಿಲ ಕಡೆ ಹೆಜ್ಜೆ ಇಟ್ರು. ಅಷ್ಟರಲ್ಲಿ ನಾನು ಕಂಡೆ. ಅಷ್ಟು ಹೊತ್ತೂ ಮಡಚಿಕೊಂಡೇ ಇದ್ದ ಅತ್ತೆಯ ಕಾಲು, ಸೀರೆ ಅಂಚಿನಿಂದ ಮೆತ್ತಗೆ ಹೊರಗೆ ಬಂತು. ಬಂದು ಸರಿಯಾಗಿ ದಾರಿಗೆ ಅಡ್ಡ ನಿಂತಿತು.

ಮ್ಯಾನೇಜರ ಕಾಲು ತಗುಲೇಬಿಡ್ತು.

ಹೆಡ್ ಆಫೀಸು ಹೇಳಿಕೊಟ್ಟಿದ್ದನ್ನೆಲ್ಲ ಮರೆತು ಮನುಷ್ಯ ಧಡಕ್ಕನೆ ಬಗ್ಗಿದ್ರು. ಅತ್ತೆಯ ಪಾದ ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡು, “ಅಯ್ಯಯ್ಯೋ, ತಪ್ಪಾಯ್ತಮ್ಮಾ! ತಪ್ಪಾಯ್ತು!” ಅಂದ್ರು.

ಬಾಯಿಂದ ಏನು ಬಂತು ಅಂತ ಅವರಿಗೆ ಅಂದ ಮೇಲೆ ಗೊತ್ತಾಯ್ತು. ಬಗ್ಗಿದೋರು ಹಾಗೇ ನಿಂತುಬಿಟ್ರು.

ಅತ್ತೆ ಕಾಲು ಒಳಗೆಳ್ಕೊಂಡು, ಅವರ ತಲೆ ಮೇಲೆ ಕೈಯಿಟ್ಟು, ನಿಧಾನಕ್ಕೆ ಹೇಳಿದ್ರು: “ಒಳ್ಳೇದಾಗ್ಲಿ, ಹೋಗ್ಬಾ ಮಗಾ. ಹೆಡ್ ಆಫೀಸಿಗೆ ನಾನು ಹೇಳಲ್ಲ.”