ಆಟದ ಡಬ್ಬಿಗೆ ಎರಡು ಯುಎಸ್‌ಬಿ ತೂತು

ನಾನು ಒಂದು ಕೆಲಸಕ್ಕೆಂದು ಏನು ಮಾಡಿದರೂ ಜನ ಅದಕ್ಕೆ ಬೇರೊಂದು ಕೆಲಸ ಹುಡುಕಿಕೊಡುತ್ತಾರೆ. ಇದು ನನಗೆ ಆಗಾಗ ಆಗುವುದೇ. ಈ ಸಲ ಆದದ್ದು ಮಾತ್ರ ಸ್ವಲ್ಪ ಜಾಸ್ತಿ.

ನನ್ನ ಮನೆ ರಾಯಚೂರಿನಲ್ಲಿ, ಗುಮಾಸ್ತಿಕೆ ಮಾನ್ವಿಯಲ್ಲಿ, ಹೆಂಡತಿಯ ತವರು ದೇವದುರ್ಗ. ನಲವತ್ತೈದು ದಾಟಿದ ಮೇಲೆ ಜನ ಶುಗರ್ ಟೆಸ್ಟ್ ಮಾಡಿಸುತ್ತಾರೆ. ನನಗೆ ವಿಡಿಯೋ ಗೇಮ್ ಡಬ್ಬಿ ಮಾಡುವ ಹುಚ್ಚು ಹಿಡಿಯಿತು. ಚಿಕ್ಕವರಿದ್ದಾಗ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ನಿಂತು ಆಡುತ್ತಿದ್ದೆವಲ್ಲ, ಅಂಥದ್ದು. ಆಳೆತ್ತರದ ಕಟ್ಟಿಗೆ ಡಬ್ಬಿ, ಮೇಲೆ ಟಿ.ವಿ., ಕೆಳಗಿನ ಹಲಗೆಯ ಮೇಲೆ ಹಿಡಿದು ಆಡಿಸುವ ಕಡ್ಡಿ, ನಾಲ್ಕು ಗುಂಡಿ, ಹೊಟ್ಟೆಯೊಳಗೆ ಹಳೇ ಕಂಪ್ಯೂಟರ್.

ಹೆಂಡತಿ ಒಂದೇ ಷರತ್ತು ಹಾಕಿದಳು. "ಹಾಲ್‌ನಾಗ ಇಡ್ರಿ, ಬ್ಯಾಡನ್ನಂಗಿಲ್ಲ. ಒಂದ ವಯರ್ ನೇತಾಡೋದು ಕಂಡ್ರೂ ಡಬ್ಬಿ ಮಾಳಿಗಿ ಮ್ಯಾಲ."

ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಅರ್ಧ ದಿನಕ್ಕೆ ಒಣಗುತ್ತದೆ. ಟಿ.ವಿ.ಯ ಗತಿ ಹೇಳಬೇಕಿಲ್ಲ. ಆದರೆ ಹೊಸ ಆಟ ತುಂಬಲು ಪೆನ್‌ಡ್ರೈವ್ ಚುಚ್ಚಬೇಕು, ಅದಕ್ಕೆ ಒಳಗಿನಿಂದ ವಯರ್ ಹೊರಗೆಳೆಯಬೇಕು. ಕೊನೆಗೆ ಡಬ್ಬಿಯ ಮುಖದಲ್ಲೇ ಎರಡು ಯುಎಸ್‌ಬಿ ಪೋರ್ಟುಗಳನ್ನು ಅಂದವಾಗಿ ಕೂರಿಸುವುದೆಂದು ತೀರ್ಮಾನಿಸಿದೆ. ಹಾಲೋ ಮಾಳಿಗೆಯೋ ಎಂಬುದು ಆ ಎರಡು ತೂತಿನ ಮೇಲೆ ನಿಂತಿತು.

೧. ಕಳೆ

ಪೋರ್ಟುಗಳನ್ನು ಮಾನ್ವಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೊಂಡೆ. ಅಂಗಡಿಯ ಚಾಚಾ ನನ್ನ ಯೋಜನೆಯನ್ನೆಲ್ಲ ಕೇಳಿ ತಲೆಯಾಡಿಸಿದರು.

"ಅರೇ ಸರ, ಎಲ್ಲಾ ವಯರ್ ಒಳಗ ಮುಚ್ಚಿಟ್ರ, ಇಷ್ಟು ಕೆಲಸ ಆಗೇದ ಅಂತ ಮಂದಿಗೆ ಗೊತ್ತಾಗೋದು ಹೆಂಗ್ರಿ?"

ಅವರು ಒಂದು ಗಜ ಕೆಂಪು ವಯರ್ ಕತ್ತರಿಸಿ ನನ್ನ ಚೀಲಕ್ಕೆ ಹಾಕಿದರು. "ಇದು ನನ್ನ ಕಡಿಂದ ಇರ್ಲಿ. ಮುಂದ ಒಂದೀಟು ಕಾಣಂಗ ಬಿಡ್ರಿ, ಕಳಾ ಬರ್ತದ."

೨. ಅಳತೆ

ಡಬ್ಬಿ ಮಾಡುತ್ತಿದ್ದವರು ದೇವದುರ್ಗದ ಬಡಿಗೇರರು, ಮಾವನವರ ಗೆಳೆಯರು. ಜೀವಮಾನವೆಲ್ಲ ಬಾಗಿಲು, ಚೌಕಟ್ಟು ಮಾಡಿದ ಕೈ. ಎರಡು ತೂತು, ಒಂದೊಂದೂ ಇಪ್ಪತ್ತೆರಡು ಮಿಲಿಮೀಟರ್ ಇರಬೇಕೆಂದು ಚೀಟಿ ಬರೆದುಕೊಟ್ಟಿದ್ದೆ.

"ಅಳಿಯಾರ, ಮಿಲಿಮೀಟರ್ ಅಂದ್ರ ಮಳಿ ಅಳಿಯೋದಲ್ಲೇನ್ರಿ?" ಅಂದರು.

ಮುಂದಿನ ವಾರ ಹೋಗಿ ನೋಡಿದರೆ ಡಬ್ಬಿಯ ಮುಖದಲ್ಲಿ ನನ್ನ ಮುಷ್ಟಿ ಹೋಗುವಂಥ ಒಂದೇ ತೂತು. ನನಗೆ ಅಳುವುದೊಂದೇ ಬಾಕಿ.

"ಕೈ ಹೋಗದ ತೂತು ಯಾತಕ್ಕ ಬೇಕ್ರಿ?" ಅವರು ಶಾಂತವಾಗಿ ಕೇಳಿದರು. "ನಾಳಿ ಒಳಗ ಹಲ್ಲಿ ಸತ್ರ ಹೆಂಗ ತೆಗೀತೀರಿ?"

ನಾನು ಹಟ ಹಿಡಿದ ಮೇಲೆ, ದೊಡ್ಡ ತೂತನ್ನು ಮುಚ್ಚುವಂತೆ ಒಂದು ಸಣ್ಣ ಹಲಗೆ ಕೆತ್ತಿ, ಅದರಲ್ಲಿ ಎರಡು ಸಣ್ಣ ತೂತು ಕೊರೆದು, ಪೋರ್ಟುಗಳನ್ನು ಕೂರಿಸಿಕೊಟ್ಟರು. ಕೂದಲೆಳೆಯಷ್ಟೂ ಸಂದಿಲ್ಲ. ಅಷ್ಟು ಚೆಂದದ ಕೆಲಸ ನಾನು ಕಂಡಿರಲಿಲ್ಲ, ಹಾಗೆಂದು ಹೇಳಿದೆ ಕೂಡ.

"ಸಣ್ಣದು ನಿಮಗ, ದೊಡ್ಡದು ಹಲ್ಲಿಗೆ," ಅಂದರು.

೩. ಹೊಸಾ ಗಾಡಿ

ಡಬ್ಬಿಯನ್ನು ಟೆಂಪೋದಲ್ಲಿ ಕಳಿಸಿದೆ. ಪೋರ್ಟು ಕೂರಿಸಿದ ಹಲಗೆ ಮಾತ್ರ ಏಟು ತಿನ್ನಬಾರದೆಂದು ಬಸ್ಸಿನಲ್ಲಿ ನನ್ನ ಜೊತೆಗೇ ತಂದೆ. ಮುಂದಿನ ಸೀಟಿನ ಬೆನ್ನಿಗೆ ಆನಿಸಿ, ಮೊಣಕಾಲಲ್ಲಿ ಒತ್ತಿ ಹಿಡಿದು, ಹಾಗೇ ನಿದ್ದೆಹೋದೆ.

ಎಚ್ಚರವಾದಾಗ ಪಕ್ಕದ ಯಜಮಾನರು ಅದಕ್ಕೆ ತಮ್ಮ ಮೊಬೈಲಿನ ವಯರ್ ಚುಚ್ಚಿ ಕೂತಿದ್ದರು.

"ನೋಡ್ರಿ, ಗಬ್ಬೂರ ಸ್ಟ್ಯಾಂಡಿನ್ಯಾಗ ಹಚ್ಚೀನಿ, ಬ್ಯಾಟರಿ ಒಂದ ಕಡ್ಡಿ ಏರವಲ್ದು. ಹಾಕೋದು ಹಾಕ್ತಾರ, ಕರೆಂಟ್ ಕೊಡಂಗಿಲ್ಲ."

"ಯಜಮಾನ್ರ, ಇದು ಬಸ್ಸಿಂದಲ್ರಿ, ನಂದು. ಮನಿಗೆ ಒಯ್ಯಾಕತ್ತೀನಿ."

ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಬಿಚ್ಚಿಕೊಂಡು ಮನಿಗೇ ಒಯ್ಯಾಕತ್ತೀರೇನು?"

ಬಸ್ಸೆಲ್ಲ ತಿರುಗಿ ನೋಡಿತು. ಕಂಡಕ್ಟರ್ ಬಂದ. ಸೀಟಿನ ಬೆನ್ನ ಮೇಲೆ ಕೈಯಾಡಿಸಿ ಸ್ಕ್ರೂ ಗುರುತು ಹುಡುಕಿದ. "ಈ ಗಾಡ್ಯಾಗ ಇಂಥಾವು ಹಾಕಿಲ್ರಿ," ಅಂದ. ನಾನು ಉಸಿರು ಬಿಟ್ಟೆ.

ಕಂಡಕ್ಟರ್ ಮತ್ತೊಮ್ಮೆ ಹಲಗೆ ನೋಡಿ ಹೇಳಿದ, "ಹೊಸಾ ಗಾಡ್ಯಾಗಿಂದು ಇರಬೇಕು."

೪. ಐದು ವಯರ್

ಭಾನುವಾರ ಎಲ್ಲ ಜೋಡಿಸಿದೆ. ಹೆಂಡತಿ ಟಾರ್ಚ್ ಹಿಡಿದು ಡಬ್ಬಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದಳು. ಒಂದು ವಯರೂ ಸಿಗಲಿಲ್ಲ. "ಇರ್ಲಿ," ಅಂದಳು. ಮದುವೆಯಾದ ಮೇಲೆ ನನಗೆ ಇಷ್ಟು ಸಂತೋಷವಾದದ್ದು ಕಡಿಮೆ.

ಅವತ್ತೇ ಮಧ್ಯಾಹ್ನ ಅವಳ ತವರಿನವರು ಊಟಕ್ಕೆ ಬಂದರು. ಎಲ್ಲರೂ ಚಾರ್ಜರಿನ ತಲೆ ಮರೆತು ವಯರ್ ಮಾತ್ರ ತಂದಿದ್ದರು. ಮಾವನವರ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಎರಡು ತೂತು. ಒಂದಕ್ಕೆ ತಮ್ಮ ಫೋನ್ ಹಚ್ಚಿ ಗುಂಡಿಗಳ ಮೇಲೆ ಮಲಗಿಸಿದರು. ಇನ್ನೊಂದಕ್ಕೆ ಭಾವಮೈದುನ, ಒಂದನ್ನು ನಾಲ್ಕು ಮಾಡುವ ಪ್ಲಗ್ ಸಿಕ್ಕಿಸಿದ. ಹೀಗೆ ಐದು ಫೋನ್, ಐದು ವಯರ್, ಹಾಲ್ ನಡುವೆ ನೇತಾಡತೊಡಗಿದವು.

ಆಟವನ್ನಾದರೂ ತೋರಿಸೋಣವೆಂದು ಅದನ್ನು ಚಾಲೂ ಮಾಡಿದೆ. ಮಾವನವರ ಫೋನ್ ಗುಂಡು ಹಾರಿಸುವ ಗುಂಡಿಯ ಮೇಲೆ ಕೂತಿತ್ತು. ನಾನು ಮುಟ್ಟುವ ಮೊದಲೇ ಅದು ತಾನೇ ಆಡಿ, ಬೆಳಿಗ್ಗೆ ನಾನು ಮಾಡಿದ್ದ ಸ್ಕೋರನ್ನು ದಾಟಿತು.

ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ವಯರುಗಳನ್ನು ಒಂದೊಂದಾಗಿ ಎಣಿಸಿದಳು. ನಾನು ಮನಸ್ಸಿನಲ್ಲೇ ಡಬ್ಬಿಯನ್ನು ಮೆಟ್ಟಿಲು ಹತ್ತಿಸತೊಡಗಿದೆ.

"ಯವ್ವಾ, ಎಷ್ಟ ಚಂದ ಮಾಡ್ಸೀಯೇ!" ಅತ್ತೆಯವರು ಅಂದರು. "ಎಲ್ಲಾರ ಫೋನೂ ಒಂದ ಕಡಿ. ನಮಗೂ ಇಂಥಾದೊಂದು ಮಾಡ್ಸಿ ಕೊಡು."

ಹೆಂಡತಿಯ ಮುಖ ಅರಳಿತು. ಇದೆಲ್ಲ ತಾನೇ ಮಾಡಿಸಿದ್ದು ಎಂಬಂತೆ ಸೆರಗು ಸರಿಮಾಡಿಕೊಂಡಳು. ಸೆರಗಿನ ಮರೆಯಿಂದ ತನ್ನ ಫೋನ್ ತೆಗೆದು ಇಡಲು ಜಾಗ ಹುಡುಕಿದಳು. ನನ್ನ ಡಬ್ಬಿ ಉಳಿಯಿತು ಎಂದುಕೊಂಡೆ.

"ಡಬ್ಬಿ ಇಲ್ಲೇ ಇರ್ಲಿ ರೀ," ಅಂದಳು. "ಆ ಆಟದ ಕಡ್ಡಿ ಒಂದು ಬಿಚ್ಚಿಬಿಡ್ರಿ, ಫೋನ್ ಇಡಾಕ ಅಡ್ಡ ಬರ್ತದ."