ಗಿರಿಜಕ್ಕನ ಸ್ವಿಚ್ಚೂ ನನ್ನ ಗ್ರೈಂಡರಿನ ಮಡಿಸ್ನಾನವೂ

ಬ್ಯಾಡಗಿಯಲ್ಲಿ ಸಂಸಾರ ಮಾಡುವವರಿಗೆ ಮೆಣಸಿನಕಾಯಿ ತೊಟ್ಟು ಮುರಿಯುವುದು ಉಸಿರಾಡಿದಷ್ಟೇ ಸಹಜ. ಉಸಿರಾಡಿದರೆ ಸೀನು ಬರುತ್ತದೆ, ಅಷ್ಟೇ. ಆ ದಿನ ಖಾರಪುಡಿಗೆಂದು ತೊಟ್ಟು ಮುರಿಯುತ್ತ ಕುಳಿತಿದ್ದೆ. ಪಕ್ಕದ ಮನೆಯ ಗಿರಿಜಕ್ಕ ಕಂಪೌಂಡಿನ ಮೇಲಿಂದ ಮುಖ ತೂರಿಸಿದಳು.

“ಶಾಂತಕ್ಕಾ, ನಮ್ಮನ್ಯಾಗ ಹೊಸಾ ಸ್ವಿಚ್ ಹಾಕ್ಸೇವಿ ನೋಡವಾ. ಕರೆಂಟ್ ಒಂಚೂರು ಸೋರಿದ್ರ ಸಾಕು, ಟಪ್ಪಂತ ತಾನ ಬೀಳ್ತೈತಿ. ಇನ್ನ ನಮಗ ಯಾರಿಗೂ ಶಾಕ್ ಹೊಡಿಯಂಗಿಲ್ಲ!”

ಖಾರ ಹತ್ತಿದ್ದು ಕೈಗೆ, ಉರಿದದ್ದು ಹೊಟ್ಟೆ.

ದೇವರು ಆಕೆಗೆ ಫ್ರಿಜ್ ಕೊಟ್ಟಾಗ ನಾನು ಸುಮ್ಮನಿದ್ದೆ. ಗೀಸರ್ ಕೊಟ್ಟಾಗ ಎರಡೇ ದಿನ ಮಾತು ಬಿಟ್ಟೆ. ಆದರೆ ಪ್ರಾಣ ಉಳಿಸಿಕೊಳ್ಳುವುದರಲ್ಲೂ ಆಕೆಯೇ ಮುಂದೆ ಎಂದರೆ?

“ನಮ್ಮನ್ಯಾಗ ಇರೋದ ನಾಕು ಬಲ್ಬು, ಒಂದು ಫ್ಯಾನು, ಒಂದು ಟಿವಿ, ಒಂದು ಗ್ರೈಂಡರ್. ಅದ್ಯಾಕ ಬೇಕ?” ಎಂದರು ನಮ್ಮ ಮನೆಯವರು.

“ನಾ ಸತ್ರೂ ನಡೀತೈತಿ ಅನ್ರಿ!”

ನಡೆಯುವುದಿಲ್ಲವೆಂದು ತೀರ್ಮಾನವಾಯಿತು. ಅದೂ ದೇವರ ದಯೆ. ಗಿರಿಜಕ್ಕನ ಮನೆಗೆ ಹಾಕಿದ್ದ ಅದೇ ಎಲೆಕ್ಟ್ರಿಷಿಯನ್ ಬಾಷಾ ಬಂದ, ಅದೇ ಸ್ವಿಚ್ ಹಾಕಿದ. ಬಣ್ಣವೂ ಅದೇ ಬೇಕೆಂದು ನಾನು ಹಟ ಹಿಡಿದಿದ್ದೆ.

ಶುಕ್ರವಾರ ಮನೆದೇವರ ಹೆಸರಿನಲ್ಲಿ ಐವರು ಮುತ್ತೈದೆಯರಿಗೆ ಹೋಳಿಗೆ ಊಟ. ಅವರಲ್ಲಿ ಗಿರಿಜಕ್ಕನೂ ಒಬ್ಬಳು. ಆಕೆಯ ಕಣ್ಣು ತಪ್ಪದೆ ಬೀಳಲೆಂದು ಸ್ವಿಚ್ಚಿಗೆ ಕುಂಕುಮ ಹಚ್ಚಿಟ್ಟೆ.

ಹಿಂದಿನ ದಿನ ಗ್ರೈಂಡರಿನಲ್ಲಿ ಬೆಳ್ಳುಳ್ಳಿ ಚಟ್ನಿ ರುಬ್ಬಿದ್ದೆ. ಬೆಳ್ಳುಳ್ಳಿ ಮುಟ್ಟಿದ್ದರಲ್ಲಿ ನೈವೇದ್ಯದ ಹೂರಣವೇ? ಪ್ರತಿ ಶುಕ್ರವಾರದ ಪದ್ಧತಿಯಂತೆ ಅದಕ್ಕೆ ಅಡಿಯಿಂದ ಮುಡಿಯವರೆಗೆ ಎರಡು ತಂಬಿಗೆ ನೀರು ಸುರಿದು ಮಡಿಸ್ನಾನ ಮಾಡಿಸಿದೆ, ವಿಭೂತಿ ಹಚ್ಚಿದೆ, ಹೂರಣ ಹಾಕಿ ಗುಂಡಿ ಒತ್ತಿದೆ.

ಟಪ್!

ಫ್ಯಾನು ನಿಂತಿತು. ದೇವರ ಜಗಲಿಯ ಬಲ್ಬು ಆರಿತು. ಮನೆಯವರು ಟಿವಿಯ ಪ್ಲಗ್ ಕಿತ್ತು, ಬಿದ್ದ ಸ್ವಿಚ್ ಎತ್ತಿ ನೋಡಿದರು. ಟಪ್! ಇಸ್ತ್ರಿಪೆಟ್ಟಿಗೆ ತೆಗೆದರು. ಟಪ್! ಫೋನಿನ ಚಾರ್ಜರನ್ನೂ ಬಿಡಲಿಲ್ಲ. ನಾನು ತುಪ್ಪದ ದೀಪದ ಹರಕೆ ಹೊತ್ತೆ. ಟಪ್!

“ಸ್ವಿಚ್ ಸುಳ್ಳ ಸುಳ್ಳ ಬೀಳಾಕತ್ತೈತ್ರಿ! ಚೊಲೋದು ಗಿರಿಜಕ್ಕಗ ಹಾಕ್ಯಾನ, ಉಳಿದದ್ದು ನಮಗ!” ಎಂದೆ.

ಹನ್ನೊಂದು ಹೊಡೆಯಿತು. ಹನ್ನೆರಡಕ್ಕೆ ನೈವೇದ್ಯ. ಹೂರಣವೋ ಇನ್ನೂ ಬೇಳೆ ಬೇಳೆ! ವಿಧಿಯಿಲ್ಲದೆ ಗ್ರೈಂಡರನ್ನು ಮನೆಯವರ ತೋಳಿಗೆ ಹೊರಿಸಿಕೊಂಡು ಗಿರಿಜಕ್ಕನ ಮನೆಗೆ ನಡೆದೆ. “ಅಯ್ಯ, ನಮ್ಮ ಗ್ರೈಂಡರ್ ಐತಲ್ಲವಾ,” ಎಂದಳು. ಬೇಡವೆಂದೆ. ಕರೆಂಟು ಆಕೆಯದಾದರೂ ಗ್ರೈಂಡರ್ ನನ್ನದೇ ಇದ್ದರೆ ಮರ್ಯಾದೆ ಅರ್ಧವಾದರೂ ಉಳಿಯುತ್ತದಲ್ಲ? ಪ್ಲಗ್ ಚುಚ್ಚಿ ಗುಂಡಿ ಒತ್ತಿದೆ.

ಟಪ್!

ಗೀಸರನ್ನು ನಂಬಿ ತಲೆಗೆ ಸೋಪು ಹಚ್ಚಿಕೊಂಡಿದ್ದ ಆಕೆಯ ಗಂಡ ಬಚ್ಚಲಿನಿಂದ ಕೂಗಿಕೊಂಡರು. ನನಗೆ ಅಯ್ಯೋ ಅನ್ನಿಸಬೇಕಿತ್ತು. ಸಂತೋಷವಾಯಿತು, ದೇವರು ಕ್ಷಮಿಸಲಿ!

“ನಿಮ್ಮದೂ ಬೀಳ್ತೈತೇನವಾ?” ಎಂದೆ, ಆದಷ್ಟು ಮರುಕದಿಂದ.

ಫೋನು ಮಾಡಿದೊಡನೆ ಬಾಷಾ ಬಂದ. ಪ್ಲಗ್ ಕಿತ್ತು ಗ್ರೈಂಡರನ್ನು ವಾಲಿಸಿದ. ತಳದಿಂದ ನೀರು ಸುರಿಯಿತು.

“ಅಕ್ಕಾರ, ಎರಡೂ ಸ್ವಿಚ್ ಚೊಲೋ ಅದಾವ. ಮೋಟಾರಿಗೆ ನೀರು ಹೋಗಿ ಕರೆಂಟ್ ಸೋರಾಕತ್ತೈತಿ. ಇದಕ್ಕ ಜಳಕಾ ಮಾಡ್ಸೀರೇನ್ರಿ?”

“ಮತ್ತ ಮಡಿ ಬ್ಯಾಡೇನಪಾ?”

“ಹಸಿ ಅರಿವೀಲೆ ಒರಸ್ರಿ, ಸಾಕು. ಮದ್ಲೂ ಮುಟ್ಟಿದಾಗ ಕೈ ಜುಂ ಅಂತಿತ್ತೇನ್ರಿ?”

ಅನ್ನುತ್ತಿತ್ತು. ಪ್ರತಿ ಶುಕ್ರವಾರ ಅನ್ನುತ್ತಿತ್ತು. ಇಷ್ಟು ವರ್ಷ ಅದನ್ನು ನಾನು ಭಕ್ತಿ ಎಂದುಕೊಂಡಿದ್ದೆ!

“ಸ್ವಿಚ್ ಇರ್ಲಿಲ್ಲಂದ್ರ ಇವತ್ತ ನಿಮ್ಮ ಫೋಟೋಕ್ಕ ಮಾಲಿ ಹಾಕ್ಬೇಕಾಗ್ತಿತ್ರಿ,” ಎಂದ ಬಾಷಾ.

ಕೊನೆಗೆ ಹೂರಣ ನುಣ್ಣಗಾದದ್ದು ಗಿರಿಜಕ್ಕನ ಗ್ರೈಂಡರಿನಲ್ಲೇ. ನೈವೇದ್ಯ ಹೊತ್ತಿಗೆ ಸರಿಯಾಗಿ ಆಯಿತು. ಊಟಕ್ಕೆ ಕುಳಿತವರಲ್ಲಿ ಒಬ್ಬರೂ ಸ್ವಿಚ್ಚಿನತ್ತ ನೋಡಲಿಲ್ಲ.

“ಹೂರಣ ಬೆಣ್ಣಿ ಆಗೇತಿ ನೋಡ್ರೀ! ಯಾರು ರುಬ್ಬಿದ್ರು?” ಎಂದರು ಅವರಲ್ಲೊಬ್ಬರು.

ಗಿರಿಜಕ್ಕ ತಲೆ ತಗ್ಗಿಸಿ ನಕ್ಕಳು. ತಲೆ ತಗ್ಗಿಸುವುದನ್ನೂ ನನಗಿಂತ ಚೆನ್ನಾಗಿ ಮಾಡುತ್ತಾಳೆ!

ಆಕೆಯ ಮೇಲೆ ಹೊಟ್ಟೆಕಿಚ್ಚು ಪಡದಿದ್ದರೆ ನಾನು ಆ ಸ್ವಿಚ್ ಹಾಕಿಸುತ್ತಿರಲಿಲ್ಲ. ಇಂದು ಬಡಿಸಲೂ ಇರುತ್ತಿರಲಿಲ್ಲ. ದೇವರಿಗೆ ಮನಸಾರೆ ಕೈಮುಗಿದೆ. ಗಿರಿಜಕ್ಕನಿಗೂ ಮುಗಿಯಬೇಕಿತ್ತು. ಆದರೆ ಕೈ ಖಾಲಿ ಇರಲಿಲ್ಲ, ಎಂಜಲೆಲೆ ಎತ್ತುತ್ತಿದ್ದೆ.